ಚಲನೆಯ ಸಮೀಕರಣಗಳು

ಒಂದೇ ಸಮನಾದ ವೇಗೋತ್ಕರ್ಷದಿಂದ ನೇರ ದಾರಿಯಲ್ಲಿ ಸಾಗುವ ಕಾಯದ ವೇಗ, ಕಾಲ, ದೂರಗಳನ್ನು ಹೆಣೆಯುವ ಮೂರು ಸೂತ್ರಗಳಿವು. ‘ವಿ = ಯು + ಎಟಿ’, ‘ಎಸ್ = ಯುಟಿ + ½ಎಟಿ²’, ‘ವಿ² = ಯು² + 2ಎಎಸ್’ ಎಂದು ಪ್ರೌಢಶಾಲೆಯ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಇಲ್ಲಿ ‘ಯು’ ಮೊದಲ ವೇಗ, ‘ವಿ’ ಕೊನೆಯ ವೇಗ, ‘ಎ’ ವೇಗೋತ್ಕರ್ಷ, ‘ಟಿ’ ಕಾಲ, ‘ಎಸ್’ ದೂರ. ಇವುಗಳ ಹಿಂದಿನ ಗಣಿತ 14ನೇ ಶತಮಾನದ್ದು. ಬೀಳುವ ಕಲ್ಲಿಗೆ ಅದನ್ನು ಹೊಂದಿಸಲು ಇನ್ನೂ ಇನ್ನೂರು ವರ್ಷ ಬೇಕಾಯಿತು.

ಆಕ್ಸ್‌ಫರ್ಡ್‌ನ ಮರ್ಟನ್ ಕಾಲೇಜಿನ ವಿಲಿಯಂ ಹೇಟ್ಸ್‌ಬರಿ 1335ರಲ್ಲಿ ಬರೆದ ತರ್ಕಗ್ರಂಥದಲ್ಲಿ ಮೂಲ ನಿಯಮ ಸಿಗುತ್ತದೆ: ಸಮನಾಗಿ ವೇಗ ಹೆಚ್ಚುತ್ತ ಸಾಗುವ ಕಾಯವು, ಮೊದಲ ಮತ್ತು ಕೊನೆಯ ವೇಗಗಳ ಸರಾಸರಿಯಲ್ಲಿ ಅಷ್ಟೇ ಹೊತ್ತು ಸಾಗಿದ ಕಾಯದಷ್ಟೇ ದೂರ ಕ್ರಮಿಸುತ್ತದೆ. ಇದು ಶುದ್ಧ ತರ್ಕದ ಫಲ. ಯಾವ ಅಳತೆಯೂ ಇದರ ಹಿಂದಿರಲಿಲ್ಲ. ಪ್ಯಾರಿಸ್ಸಿನ ನಿಕೋಲ್ ಒರೇಮ್ ಸುಮಾರು 1350ರಲ್ಲಿ ಇದನ್ನೇ ಚಿತ್ರದಲ್ಲಿ ಸಾಧಿಸಿದ. ಕಾಲವನ್ನು ಅಡ್ಡಗೆರೆಯಾಗಿ, ವೇಗವನ್ನು ಲಂಬಗೆರೆಯಾಗಿ ಎಳೆದರೆ ಉಂಟಾಗುವ ತ್ರಿಕೋನದ ವಿಸ್ತೀರ್ಣವೇ ದೂರ. ಇಂದಿಗೂ ಒಂಬತ್ತನೇ ತರಗತಿಯಲ್ಲಿ ವೇಗ–ಕಾಲ ನಕ್ಷೆಯಿಂದ ಸೂತ್ರ ಪಡೆಯುವ ಕ್ರಮ ಇದೇ. ಸ್ಪೇನಿನ ದೊಮಿಂಗೊ ದೆ ಸೊತೊ 1551ರಲ್ಲಿ ಕೆಳಗೆ ಬೀಳುವ ವಸ್ತುವಿನ ಚಲನೆಯೂ ಈ ಬಗೆಯದೇ ಎಂದ, ಆದರೆ ಪರೀಕ್ಷಿಸಲಿಲ್ಲ.

ಪರೀಕ್ಷಿಸಿದವನು ಗೆಲಿಲಿಯೊ. 1604ರಲ್ಲಿ ಗೆಳೆಯ ಪಾವೊಲೊ ಸಾರ್ಪಿಗೆ ಬರೆದ ಪತ್ರದಲ್ಲಿ, ಬಿದ್ದ ದೂರ ಕಾಲದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂದು ಸರಿಯಾಗಿಯೇ ಹೇಳಿದ. ವೇಗ ದೂರದ ಜೊತೆ ಬೆಳೆಯುತ್ತದೆ ಎಂಬ ಕಾರಣ ಮಾತ್ರ ತಪ್ಪಾಗಿತ್ತು. ಕಾಲದ ಜೊತೆ ಬೆಳೆಯುತ್ತದೆ ಎಂಬಲ್ಲಿಗೆ ಅವನು ತಲುಪಿದ್ದು ಆಮೇಲೆ. ನೇರವಾಗಿ ಬೀಳುವ ಗುಂಡನ್ನು ಆ ಕಾಲದ ಗಡಿಯಾರ ಹಿಡಿಯಲಾರದು. ಅದಕ್ಕೆ ಅವನು ಬೀಳುವಿಕೆಯನ್ನೇ ನಿಧಾನಗೊಳಿಸಿದ. ಸುಮಾರು 7 ಮೀಟರ್ ಉದ್ದದ ಮರದ ತೊಲೆಯಲ್ಲಿ ಬೆರಳಗಲದ ತೋಡು ಕೊರೆಸಿ, ಒಳಗೆ ನುಣುಪಾದ ಚರ್ಮಪತ್ರ ಹೊದಿಸಿ, ತೊಲೆಯ ಒಂದು ತುದಿ ಎತ್ತರಿಸಿ ಕಂಚಿನ ಗುಂಡು ಉರುಳಿಸಿದ. ಗುಂಡು ಉರುಳುವಷ್ಟು ಹೊತ್ತು ಪಾತ್ರೆಯ ಸಣ್ಣ ಕೊಳವೆಯಿಂದ ಸುರಿದ ನೀರನ್ನು ತೂಗಿದ. ನೀರಿನ ತೂಕವೇ ಕಾಲದ ಅಳತೆ. ಕಾಲು ಭಾಗ ದೂರಕ್ಕೆ ಅರ್ಧ ಕಾಲ ಸಾಕಾಯಿತು. ಈ ವಿವರ 1638ರಲ್ಲಿ ಲೈಡನ್ನಿನಲ್ಲಿ ಅಚ್ಚಾದ ಅವನ ಎರಡು ಹೊಸ ವಿಜ್ಞಾನಗಳ ಗ್ರಂಥದಲ್ಲಿದೆ. ಇಷ್ಟು ಒರಟು ಸಾಧನಗಳಿಂದ ಇಷ್ಟು ನಿಖರತೆ ಅಸಾಧ್ಯವೆಂದು ಇತಿಹಾಸಕಾರ ಅಲೆಕ್ಸಾಂಡರ್ ಕೊಯ್ರೆ ಶಂಕಿಸಿದ್ದುಂಟು. 1961ರಲ್ಲಿ ಥಾಮಸ್ ಸೆಟಲ್ ಅದೇ ಬಗೆಯ ಉಪಕರಣ ಕಟ್ಟಿ ಪ್ರಯೋಗ ನಡೆಸಿ, ಆ ಶಂಕೆಗೆ ಆಧಾರವಿಲ್ಲವೆಂದು ತೋರಿಸಿದರು.

ಗೆಲಿಲಿಯೊ ಬರೆದದ್ದೆಲ್ಲ ಯೂಕ್ಲಿಡ್‌ನ ಅನುಪಾತಗಳ ಭಾಷೆಯಲ್ಲಿ. ಅವನ ಪುಟಗಳಲ್ಲಿ ಇಂದಿನ ಸಮೀಕರಣವಿಲ್ಲ. ನ್ಯೂಟನ್ನನ 1687ರ ‘ಪ್ರಿನ್ಸಿಪಿಯಾ’ ಕೂಡ ಬಹುತೇಕ ರೇಖಾಗಣಿತವೇ. ಚಲನೆಯನ್ನು ಕಲನಶಾಸ್ತ್ರದ ಸಂಕೇತಗಳಿಗೆ ಒಗ್ಗಿಸಿದವರಲ್ಲಿ ಪ್ಯಾರಿಸ್ಸಿನ ವಾರಿಞೊನ್ ಮೊದಲಿಗ, 1736ರ ಗ್ರಂಥದಲ್ಲಿ ಅದನ್ನು ಪೂರ್ಣ ವ್ಯವಸ್ಥೆಯಾಗಿಸಿದವನು ಆಯ್ಲರ್. ಮಕ್ಕಳ ಕೈಗೆಟುಕುವ ಸುಲಭ ಲೆಕ್ಕ ಸಾಧ್ಯವಾದದ್ದು ಈ ಬದಲಾವಣೆಯಿಂದ ಎನ್ನಲೇಬೇಕು. ಬೀಳುವ ವಸ್ತುವಿಗೆ ‘ಎ’ ಆಗುವ ಗುರುತ್ವ ವೇಗೋತ್ಕರ್ಷವನ್ನು ಹೈಗೆನ್ಸ್ 1659ರಲ್ಲಿ ಲೋಲಕದಿಂದ ನಿಖರವಾಗಿ ಪಡೆದಿದ್ದ. ಅದರ ಪ್ರಮಾಣಬೆಲೆ 9.80665 ಮೀ/ಸೆ² ಎಂದು 1901ರಲ್ಲಿ ನಿಗದಿಯಾಯಿತು.

ಬಾವಿಗೆ ಬಿಟ್ಟ ಕಲ್ಲು 2 ಸೆಕೆಂಡಿನಲ್ಲಿ ನೀರು ಮುಟ್ಟಿದರೆ, ½ × 9.8 × 4, ಅಂದರೆ ನೀರು 19.6 ಮೀಟರ್ ಆಳದಲ್ಲಿದೆ. ಇಲ್ಲಿ ಸೂತ್ರ ಚೆನ್ನಾಗಿಯೇ ಒದಗುತ್ತದೆ. ಒಂದು ಕಿಲೋಮೀಟರ್ ಎತ್ತರದ ಮೋಡದಿಂದ ಬೀಳುವ ಮಳೆಹನಿಗೆ ಮೂರನೆಯ ಸೂತ್ರ ಹಚ್ಚಿದರೆ ಸೆಕೆಂಡಿಗೆ 140 ಮೀಟರ್ ವೇಗ ಬರುತ್ತದೆ. ನಿಜದಲ್ಲಿ ದೊಡ್ಡ ಹನಿಯೂ ನೆಲ ಮುಟ್ಟುವುದು ಸುಮಾರು 9 ಮೀಟರ್ ವೇಗದಲ್ಲಿ. ಗಾಳಿಯ ತಡೆ ಹನಿಯ ತೂಕಕ್ಕೆ ಸಮವಾದೊಡನೆ ವೇಗೋತ್ಕರ್ಷ ಸೊನ್ನೆಯಾಗುತ್ತದೆ. ‘ಎ’ ಬದಲಾಗದೆ ಉಳಿಯಬೇಕೆಂಬ ಷರತ್ತು ಅಲ್ಲಿ ಮುರಿದಿರುತ್ತದೆ.