ಎಪ್ಪತ್ತೆರಡನೆಯ ಕೋಡಾನ್ ಮತ್ತು ಸೋದರಮಾವನ ಮದುವೆ: ಗರ್ಭಕಂಠದ ಕ್ಯಾನ್ಸರ್ ಕುರಿತ ಒಂದು ವಾದದ ಮರುಪರಿಶೀಲನೆ

ಗರ್ಭಕಂಠದ ಕ್ಯಾನ್ಸರಿಗೆ ಎಚ್‌ಪಿವಿ ಎಂಬ ವೈರಾಣು ಕಾರಣವೆಂಬುದರಲ್ಲಿ ಈಗ ತಕರಾರಿಲ್ಲ. ಹರಾಲ್ಡ್ ಜುರ್ ಹೌಸೆನ್ನರಿಗೆ 2008ರಲ್ಲಿ ನೊಬೆಲ್ ಬಂದದ್ದೇ ಅದಕ್ಕೆ. ವೈರಾಣುವಿನ ಇ6 ಪ್ರೋಟೀನು, ಗಡ್ಡೆಯನ್ನು ತಡೆಯುವ ಪಿ53ಯನ್ನು ನಾಶಕ್ಕೆ ಗುರಿಮಾಡುತ್ತದೆಂಬುದೂ 1990ರಿಂದ ಗೊತ್ತು. ತಕರಾರು ಎದ್ದದ್ದು 1998ರಲ್ಲಿ. ಪಿ53ಯ 72ನೆಯ ಸ್ಥಾನದಲ್ಲಿ ಆರ್ಜಿನಿನ್ ಇರಬಹುದು, ಪ್ರೋಲಿನ್ ಇರಬಹುದು. ಎರಡೂ ಪ್ರತಿಯಲ್ಲಿ ಆರ್ಜಿನಿನ್ ಇದ್ದವರಿಗೆ ಅಪಾಯ ಏಳು ಪಟ್ಟು ಎಂದು ಸ್ಟೋರಿ ಮತ್ತು ಸಂಗಡಿಗರು ‘ನೇಚರ್’ನಲ್ಲಿ ಬರೆದರು. 2009ರಲ್ಲಿ ಕ್ಲುಗ್ ಮತ್ತು ಸಂಗಡಿಗರು 49 ಅಧ್ಯಯನಗಳ ದತ್ತಾಂಶವನ್ನು ಒಟ್ಟುಮಾಡಿ ಅಳೆದಾಗ, ರಕ್ತವನ್ನು ಪರೀಕ್ಷಿಸಿದ ಕಡೆ ಅನುಪಾತ 1.06, ಅಂದರೆ ಏನೂ ಇಲ್ಲ. ಗಡ್ಡೆಯ ಅಂಗಾಂಶ ಬಳಸಿದ ಕಡೆ 1.39. ಹೋಲಿಕೆಯ ಗುಂಪು ಹಾರ್ಡಿ–ವೈನ್‌ಬರ್ಗ್ ಸಮತೋಲ (ಮದುವೆಗಳು ಗೊತ್ತುಗುರಿಯಿಲ್ಲದೆ ಆದಲ್ಲಿ ಪ್ರತಿಗಳ ಜೋಡಿಗಳು ಇರಬೇಕಾದ ಪ್ರಮಾಣ) ತಪ್ಪಿದ ಕಡೆ 1.71.

ಅಂಗಾಂಶದ ದೋಷ ಸುಲಭವಾಗಿ ತಿಳಿಯುವಂಥದು. ಗಡ್ಡೆ ಬೆಳೆಯುತ್ತ ಒಂದು ಪ್ರತಿಯನ್ನು ಕಳೆದುಕೊಳ್ಳಬಹುದು. ಕಳೆದದ್ದು ಪ್ರೋಲಿನ್ನಿನದಾದರೆ ಜೆಲ್ ಮೇಲೆ ಅದರ ಗೆರೆ ಮಸುಕಾಗಿ, ಎರಡು ಬಗೆಯ ಪ್ರತಿ ಹೊತ್ತು ಹುಟ್ಟಿದವಳೂ ಬರೀ ಆರ್ಜಿನಿನ್ನವಳಂತೆ ಕಾಣುತ್ತಾಳೆ. ಮೂರನೆಯ ಅಂಕಿಯ ಬಗ್ಗೆ ಮಾತ್ರ ನಮ್ಮ ಕಡೆಯವರಿಗೆ ತಟ್ಟನೆ ಒಂದು ಆಕ್ಷೇಪ ಹೊಳೆಯುತ್ತದೆ. ಬೆಳಗಾವಿ ಜಿಲ್ಲೆಯ ನಿಡಸೋಸಿ, ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವುದು ಹೊಸದಲ್ಲ. ಕಳ್ಳುಬಳ್ಳಿಯೊಳಗಿನ ಮದುವೆ ಏಕರೂಪದ ಪ್ರತಿಗಳನ್ನು ಹೆಚ್ಚಿಸುತ್ತದೆ. ಹಾಗಾದರೆ ಸಮತೋಲ ತಪ್ಪಿದ್ದು ಪ್ರಯೋಗಾಲಯದ ತಪ್ಪೋ, ನಮ್ಮ ಸಂಬಂಧಗಳ ನಿಜವೋ? ನಾನೂ ಬಹುಕಾಲ ಎರಡನೆಯದನ್ನೇ ನಂಬಿದ್ದೆ.

ಲೆಕ್ಕ ಹಾಕಿದಾಗ ನಂಬಿಕೆ ನಿಲ್ಲಲಿಲ್ಲ. ಸೋದರಮಾವನನ್ನು ಮದುವೆಯಾದವಳ ಮಕ್ಕಳಲ್ಲಿ ಒಳಸಂತಾನದ ಗುಣಾಂಕ ಎಂಟರಲ್ಲೊಂದು. ಕರ್ನಾಟಕದಲ್ಲಿ ಸುಮಾರು ಕಾಲುಭಾಗದ ಮದುವೆಗಳು ರಕ್ತಸಂಬಂಧದೊಳಗಿನವು. ಅವೆಲ್ಲ ಸೋದರಮಾವನದೇ ಎಂದು ಹಿಗ್ಗಿಸಿ ಹಿಡಿದರೂ ಸರಾಸರಿ 0.03 ದಾಟುವುದು ಅಷ್ಟಕ್ಕಷ್ಟೇ. ಎರಡೂ ಬಗೆಯ ಪ್ರತಿ ಸಮಸಮವಾಗಿರುವ 200 ಮಂದಿಯಲ್ಲಿ ಮಿಶ್ರ ಪ್ರತಿಯವರು 100 ಇರಬೇಕಾದಲ್ಲಿ 97 ಸಿಗುತ್ತಾರೆ. ಯಾವ ಪರೀಕ್ಷೆಯೂ ಇದನ್ನು ಹಿಡಿಯದು. ಇನ್ನೂ ಮುಂದೆ ಹೋಗಿ, ಆ 200 ಮಂದಿಯೂ ಸೋದರಮಾವನ ಮದುವೆಯ ಮಕ್ಕಳೇ ಎಂದುಕೊಳ್ಳಿ: ಕೈ-ವರ್ಗದ ಬೆಲೆ 3.1 ಬರುತ್ತದೆ, ದಾಟಬೇಕಾದ ಗೆರೆ 3.84. ಆದ್ದರಿಂದ ಈ ಗಾತ್ರದ ಗುಂಪು ಸಮತೋಲ ತಪ್ಪಿದ್ದರೆ ಸೋದರಿಕೆಯ ಮೇಲೆ ಭಾರ ಹಾಕುವುದು, ನನ್ನ ಮಟ್ಟಿಗೆ, ಒಪ್ಪತಕ್ಕದ್ದಲ್ಲ. ಇಷ್ಟು ಹೇಳುವಾಗಲೂ ಒಂದೆರಡು ಅಂಜಿಕೆಗಳಿವೆ. ಸಂಬಂಧ ತಲೆತಲಾಂತರದಿಂದ ಹೆಣೆದುಕೊಂಡಿದ್ದರೆ ಗುಣಾಂಕ ಒಂದೇ ಮದುವೆಯದಕ್ಕಿಂತ ಹೆಚ್ಚಿರಬಹುದು. ಪರಸ್ಪರ ಹೆಣ್ಣು ಕೊಟ್ಟು ತರದ ಒಳಪಂಗಡಗಳನ್ನು ಒಂದೇ ಪಟ್ಟಿಯಲ್ಲಿ ಸೇರಿಸಿದರೂ ಮಿಶ್ರ ಪ್ರತಿಯವರು ಕಡಿಮೆ ಕಾಣುತ್ತಾರೆ. ಸಾವಿರಾರು ಮಂದಿಯ ಗುಂಪಾದರೆ ನನ್ನ ವಾದವೇ ತಿರುಗಿಬೀಳಬಹುದು.

ಈ ರೂಪಭೇದವನ್ನು ಮುನ್ಸೂಚನೆಗೆ, ಅಂದರೆ ಯಾರು ಎಷ್ಟು ಕಾಲ ಬದುಕಿಯಾರು ಎಂದು ಹೇಳಲು, ಬಳಸುವುದು ಇನ್ನೂ ಜಾರುನೆಲ. ಹುಟ್ಟಿನಿಂದ ಬಂದ ರೂಪಭೇದ ಬೇರೆ, ಗಡ್ಡೆಯೊಳಗೆ ಆಮೇಲೆ ಆದ ನಷ್ಟ ಬೇರೆ. 2009ರಲ್ಲೇ ವಿಂಗೊ ಮತ್ತು ಸಂಗಡಿಗರು, ಗಡ್ಡೆಯನ್ನು ತಡೆಯುವ ಇನ್ನೊಂದು ವಂಶವಾಹಿಯಾದ ಎಲ್‌ಕೆಬಿ1 ಕಳೆದುಕೊಂಡ ಗಡ್ಡೆಗಳಲ್ಲಿ ಬದುಕಿನ ಮಧ್ಯಾಂಕ 13 ತಿಂಗಳು, ಉಳಿಸಿಕೊಂಡವುಗಳಲ್ಲಿ 100 ತಿಂಗಳಿಗೂ ಮಿಕ್ಕಿ ಎಂದು ತೋರಿಸಿದರು. ಅದು ಎರಡನೆಯ ಬಗೆಯದು.

ಬದುಕುಳಿವಿನ ಮಾತು ಬಂದಾಗ ಚಿಕಿತ್ಸೆಯ ತೂಕವನ್ನೂ ನೋಡಬೇಕು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಪ್ರಯೋಗದಲ್ಲಿ ಮೂರು-ಬಿ ಹಂತದ 850 ಮಹಿಳೆಯರಿದ್ದರು. ವಿಕಿರಣದ ಜತೆಗೆ ಸಿಸ್‌ಪ್ಲಾಟಿನ್ ಕೊಟ್ಟಾಗ ಐದು ವರ್ಷ ಬದುಕಿದವರು ಶೇ. 46ರಿಂದ 54ಕ್ಕೆ ಏರಿದರು. ವಿಕಿರಣವೆಂದರೆ ವಾರಕ್ಕೆ ಐದು ದಿನದಂತೆ ಐದು ವಾರ, ಮೇಲೆ ಒಳವಿಕಿರಣ. ಎಲ್ಲ ಎಂಟು ವಾರದೊಳಗೆ ಮುಗಿಯಬೇಕು. ನಿಡಸೋಸಿಯಿಂದ ಸಂಕೇಶ್ವರಕ್ಕೆ ಬಂದು ಬೆಳಗಾವಿ ಬಸ್ಸು ಹಿಡಿಯುವವಳಿಗೆ, ಅದೂ ಕಬ್ಬಿನ ಕಟಾವಿನ ಹಂಗಾಮಿನಲ್ಲಿ, ಇದು ಕಡಿಮೆಯೆಂದರೂ ಇಪ್ಪತ್ತೈದು ದಿನದ ಕೂಲಿ. ಅವಳು ನಡುವೆ ಗಡಿ ದಾಟಿ ಮಹಾರಾಷ್ಟ್ರದ ಮಿರಜಕ್ಕೋ ಕೊಲ್ಲಾಪುರಕ್ಕೋ ಹೋದರೆ ಬೆಳಗಾವಿಯ ಕಡತದಲ್ಲಿ ‘ಸಂಪರ್ಕ ತಪ್ಪಿದವಳು’. ಬದುಕುಳಿವಿನ ರೇಖೆ ಎಳೆಯುವವರು ಇಂಥವರ ತಪ್ಪಿಹೋಗುವಿಕೆ ಕಾಯಿಲೆಗೆ ಸಂಬಂಧಿಸಿದ್ದಲ್ಲ ಎಂದು ಹಿಡಿಯುತ್ತಾರೆ. ಗಡಿಸೀಮೆಯಲ್ಲಿ ಆ ಊಹೆಯೇ ಸಂಶಯದ್ದು.

ಹಂತ, ಚಿಕಿತ್ಸೆ ಪೂರೈಸಿದ ದಿನಗಳು, ಗಡಿಯಾಚೆಯ ಕಡತ, ಈ ಮೂರನ್ನೂ ಕೂಡಿಸಿದ ಮೇಲೆ 72ನೆಯ ಸ್ಥಾನಕ್ಕೆ ಏನಾದರೂ ಉಳಿಯುತ್ತದೆಯೇ? ಉಳಿಯದೆಂದು ನನ್ನ ಅಂದಾಜು, ಸಿದ್ಧಪಡಿಸಿದ್ದಲ್ಲ. ಹೋಲಿಕೆಗೆ ಆಸ್ಪತ್ರೆಯ ಸಿಬ್ಬಂದಿಯ ಬದಲು ಅದೇ ಊರಿನ, ಅದೇ ಒಳಪಂಗಡದ ಹೆಂಗಸರನ್ನು ತೆಗೆದುಕೊಂಡು, ಗಡ್ಡೆಯ ಬದಲು ರಕ್ತವನ್ನೇ ಓದಿ ನೋಡಬೇಕು. ಎಲ್‌ಕೆಬಿ1ರ ಪ್ರಶ್ನೆಗೆ ಮಾತ್ರ ಮೇಣದಲ್ಲಿ ಹುದುಗಿಸಿಟ್ಟ ಗಡ್ಡೆಯ ತುಣುಕುಗಳೇ ಬೇಕು, ಅವೂ ವಿಕಿರಣಕ್ಕೆ ಮುಂಚೆ ತೆಗೆದವು.