ತವರಿಗೆ ತಿರುಗದ ಗಾಡಿಗಳು

ನಮ್ಮಮ್ಮ ಮದುವೆಯಾಗಿ ಗಂಡನ ಮನೆಗೆ ಬಂದದ್ದು ಕಮಾನು ಗಾಡಿಯಲ್ಲಿ. ತಿಪಟೂರಿನ ಕಡೆಯ ಹಳ್ಳಿಯಿಂದ ಅರಸೀಕೆರೆಗೆ. ಗಾಡಿಯೊಳಗೆ ಹುಲ್ಲು ಹರವಿ, ಮೇಲೆ ಜಮಖಾನ ಹಾಸಿ, ಮಡಿಲಕ್ಕಿ ಕಟ್ಟಿಕೊಂಡು ಕೂತಿದ್ದಳಂತೆ. ದಾರಿಯುದ್ದಕ್ಕೂ ಕಮಾನಿನ ಹಿಂದಿನ ಕಿಂಡಿಯಿಂದ ಊರು ಚಿಕ್ಕದಾಗುವುದನ್ನೇ ನೋಡಿದ್ದಳಂತೆ. ಅರವತ್ತು ವರ್ಷವಾದ ಮೇಲೆ, ೨೦೨೩ರ ಮೇ ತಿಂಗಳಲ್ಲಿ, ಅವಳು ಇನ್ನೊಂದು ಗಾಡಿ ಹತ್ತಿದಳು. ಈ ಸಲ ಅಮೆರಿಕದಲ್ಲಿ.

ನನ್ನ ಮಗಳು ಅಳಿಯ ಇರುವುದು ನೆಬ್ರಾಸ್ಕ ರಾಜ್ಯದ ಒಮಾಹಾದಲ್ಲಿ. ಶಾಲೆಗೆ ಬೇಸಿಗೆ ರಜೆ ಸಿಕ್ಕಿದ್ದೇ ತಡ, ನಾನು ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಎಪ್ಪತ್ತೆಂಟು ದಾಟಿದ ಅಮ್ಮನಿಗೆ ಹೋಟೆಲಿನ ಊಟ ಒಗ್ಗುವುದಿಲ್ಲ, ತಾಸಿಗೊಮ್ಮೆ ಬಚ್ಚಲಿಗೆ ಹೋಗಬೇಕು. ಅದಕ್ಕೇ ಅಳಿಯ ಯೆಲ್ಲೋಸ್ಟೋನ್ ನೋಡಿ ಬರಲು ಆರ್.ವಿ. ಬಾಡಿಗೆಗೆ ತಂದರು. ಅಂದರೆ ಚಕ್ರದ ಮೇಲಿನ ಮನೆ. ಗ್ಯಾಸ್ ಒಲೆ, ಫ್ರಿಜ್, ಮಂಚ, ಕಕ್ಕಸು ಎಲ್ಲ ಅದರೊಳಗೇ. ಅಮ್ಮ, ನಾನು, ಮಗಳು, ಐದು ವರ್ಷದ ಮೊಮ್ಮಗಳು, ನಾಲ್ಕು ತಲೆಮಾರಿನ ಹೆಂಗಸರು. ಅಳಿಯ ಪಾಪ ಒಬ್ಬರೇ ಗಂಡಸು.

ಗಾಡಿಯ ಮೇಲೆ ವಿನ್ನೆಬಾಗೊ ಎಂದು ಬರೆದಿತ್ತು. ಅಯೋವಾ ರಾಜ್ಯದ ಫಾರೆಸ್ಟ್ ಸಿಟಿಯಲ್ಲಿ ೧೯೫೮ರಲ್ಲಿ ಶುರುವಾದ ಕಾರ್ಖಾನೆಯದು. ೧೯೬೬ರಿಂದ ಮೋಟಾರು ಮನೆಗಳನ್ನು ಮಾಡುತ್ತಿದೆ. ಹೆಸರು ಬಂದದ್ದು ಅಲ್ಲಿನ ಜಿಲ್ಲೆಯಿಂದ, ಜಿಲ್ಲೆಗೆ ಬಂದದ್ದು ಒಂದು ಮೂಲನಿವಾಸಿ ಜನಾಂಗದಿಂದ. ಹೋ-ಚಂಕ್ ಎಂಬುದು ಅವರು ತಮಗೆ ತಾವೇ ಹೇಳಿಕೊಳ್ಳುವ ಹೆಸರು. ಹತ್ತೊಂಬತ್ತನೆಯ ಶತಮಾನದಲ್ಲಿ ಸರ್ಕಾರ ಅವರನ್ನು ವಿಸ್ಕಾನ್ಸಿನ್‌ನಿಂದ ಅಯೋವಾಗೆ, ಅಲ್ಲಿಂದ ಮಿನ್ನೆಸೋಟಕ್ಕೆ, ಡಕೋಟಕ್ಕೆ ಅಟ್ಟಿತು. ಕೊನೆಗೆ ನೆಬ್ರಾಸ್ಕದಲ್ಲಿ ಅವರಲ್ಲೊಂದು ಭಾಗಕ್ಕೆ ನೆಲ ಸಿಕ್ಕಿತು. ಮನೆ ಬಿಡಿಸಿಕೊಂಡವರ ಹೆಸರನ್ನು ಹೊತ್ತ ಓಡುವ ಮನೆಯಲ್ಲಿ ನಾನು ಒಗ್ಗರಣೆ ಹಾಕುತ್ತಿದ್ದೆ.

ಯೆಲ್ಲೋಸ್ಟೋನ್ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನನಗೆ ಹೇಳಬೇಕಾಗಿರುವುದು ವಾಪಸು ಬಂದ ದಾರಿಯ ವಿಷಯ. ಒಮಾಹಾ ಸುಮಾರು ಸಾವಿರ ಮೈಲಿ. ಅಳಿಯ ನಕಾಶೆ ಬಿಡಿಸಿ, "ಅತ್ತೆ, ನೀವು ಚರಿತ್ರೆ ಮೇಷ್ಟ್ರಲ್ವಾ, ಹಳೇ ಆರಿಗನ್ ದಾರಿ ಹಿಡಿದೇ ಹೋಗೋಣ" ಎಂದರು. ನಾನು ಶಾಲೆಯಲ್ಲಿ ಕಲಿಸುವ ಚರಿತ್ರೆಯಲ್ಲಿ ಅಮೆರಿಕಕ್ಕೆ ಸಿಗುವ ಜಾಗ ಕಡಿಮೆ. ಆ ದಾರಿಯ ಪುಸ್ತಕಗಳನ್ನು ಮಗಳ ಊರಿನ ಲೈಬ್ರರಿಯಿಂದ ತಂದು ಓದಿಕೊಂಡಿದ್ದೆ.

೧೮೪೦ರ ದಶಕದಿಂದ ೧೮೬೦ರ ದಶಕದವರೆಗೆ ಮೂರು ಲಕ್ಷಕ್ಕೂ ಹೆಚ್ಚು ಜನ ಮಿಸೌರಿ ನದಿಯ ದಡದಿಂದ ಪಶ್ಚಿಮಕ್ಕೆ ಗಾಡಿ ಕಟ್ಟಿಕೊಂಡು ಹೊರಟರು. ಆರಿಗನ್ನಿಗೆ ಸುಮಾರು ಎರಡು ಸಾವಿರ ಮೈಲಿ. ಎತ್ತಿನ ಗಾಡಿಗೆ ದಿನಕ್ಕೆ ಹದಿನೈದು ಮೈಲಿ ಸಾಗಿದರೆ ಹೆಚ್ಚು. ಐದಾರು ತಿಂಗಳ ಪ್ರಯಾಣ. ಗಾಡಿ ನಮ್ಮ ಕಮಾನು ಗಾಡಿಯ ಅಣ್ಣನಂತೆಯೇ, ಕಮಾನು ಬಗ್ಗಿಸಿ ಮೇಲೆ ಎಣ್ಣೆ ಸವರಿದ ಬಟ್ಟೆ. ಅಗಲ ನಾಲ್ಕಡಿ, ಉದ್ದ ಹತ್ತಡಿ. ಅಷ್ಟರಲ್ಲಿ ಒಂದು ಸಂಸಾರದ ಹಿಟ್ಟು, ಉಪ್ಪುಹಾಕಿದ ಮಾಂಸ, ನೇಗಿಲು, ಹಾಸಿಗೆ. ಜನ ಕೂರಲು ಜಾಗವೆಲ್ಲಿ? ಕಾಯಿಲೆಯವರು, ಹೆತ್ತವರು, ಹಸುಗೂಸುಗಳನ್ನು ಬಿಟ್ಟರೆ ಉಳಿದವರೆಲ್ಲ ಪಕ್ಕದಲ್ಲಿ ನಡೆದೇ ಹೋದರು. ಅಮೆರಿಕದ ಸಿನಿಮಾಗಳಲ್ಲಿ ಗಾಡಿಯ ಮುಂದೆ ಟೋಪಿ ಹಾಕಿಕೊಂಡು ಕೂತ ಹೆಂಗಸನ್ನು ನೋಡಿದಾಗ ಇದನ್ನು ನೆನಪಿಟ್ಟುಕೊಳ್ಳಿ.

ಅಡುಗೆ ಹೇಗೆ ಮಾಡುತ್ತಿದ್ದರು ಎಂದು ಅಮ್ಮ ಕೇಳಿದಳು. ಪ್ಲ್ಯಾಟ್ ನದಿಯ ಬಯಲಿನಲ್ಲಿ ಮರವೇ ಇಲ್ಲ. ಸೌದೆಯಿಲ್ಲದೆ ಆ ಹೆಂಗಸರು ಬೈಸನ್ ಎಂಬ ಅಲ್ಲಿನ ಕಾಡೆಮ್ಮೆಯ ಒಣಗಿದ ಸಗಣಿಯನ್ನು ಉಡಿಯಲ್ಲಿ ತುಂಬಿಕೊಂಡು ಬಂದು ಉರಿಸುತ್ತಿದ್ದರು. ಮೊದಲು ಮೂಗು ಮುಚ್ಚಿಕೊಂಡವರೇ ಆಮೇಲೆ ಅದಕ್ಕಾಗಿ ಹುಡುಕಾಡಿದರು. ಅಮ್ಮ ಜೋರಾಗಿ ನಕ್ಕಳು. "ತಟ್ಟೋ ಕೆಲಸಾನೂ ಇಲ್ಲ, ಒಣಗಿಸೋ ಕೆಲಸಾನೂ ಇಲ್ಲ. ಪುಣ್ಯವಂತರು ಬಿಡು!" ಎಂದಳು. ಬೆಳಿಗ್ಗೆ ಹಾಲಿನ ಪಾತ್ರೆಯನ್ನು ಗಾಡಿಗೆ ತೂಗುಹಾಕಿದರೆ ಕುಲುಕಾಟಕ್ಕೆ ಸಂಜೆಯೊಳಗೆ ಬೆಣ್ಣೆ ಬಂದಿರುತ್ತಿತ್ತು ಎಂದಾಗಲಂತೂ ಆ ಹೆಂಗಸರು ಅವಳ ಓರಗಿತ್ತಿಯರೇ ಆಗಿಬಿಟ್ಟರು.

ವಯೋಮಿಂಗ್‌ನ ಸೌತ್ ಪಾಸ್ ತಲುಪಿದಾಗ ಮಧ್ಯಾಹ್ನ. ಕಣಿವೆ ಎಂದರೆ ನಮ್ಮ ಶಿರಾಡಿ, ಆಗುಂಬೆಯ ಹಾಗೆ ಎಂದುಕೊಂಡಿದ್ದೆ. ಏಳು ಸಾವಿರದ ನಾನೂರು ಅಡಿ ಎತ್ತರದಲ್ಲಿ ಬರೀ ಬಯಲು, ಕುರುಚಲು ಗಿಡ, ಗಾಳಿ. ರಾಕಿ ಪರ್ವತವನ್ನು ಗಾಡಿಗಳು ಸುಲಭವಾಗಿ ದಾಟಬಹುದಾದ ಜಾಗ ಇದು. ೧೮೩೬ರ ಜುಲೈನಲ್ಲಿ ನಾರ್ಸಿಸ್ಸಾ ವಿಟ್ಮನ್, ಎಲಿಜಾ ಸ್ಪಾಲ್ಡಿಂಗ್ ಎಂಬ ಇಬ್ಬರು ಮಿಷನರಿಗಳ ಮಡದಿಯರು ಇದನ್ನು ದಾಟಿದರು. ಈ ದಾರಿಯಲ್ಲಿ ಹೋದ ಮೊದಲ ಬಿಳಿಯ ಹೆಂಗಸರು. ನಾರ್ಸಿಸ್ಸಾ ಆಗತಾನೆ ಮದುವೆಯಾದವಳು, ನ್ಯೂಯಾರ್ಕ್ ರಾಜ್ಯದವಳು.

"ಇವರೆಲ್ಲ ತಿರುಗಿ ತವರಿಗೆ ಯಾವಾಗ ಹೋಗ್ತಿದ್ರು?" ಅಮ್ಮ ಕೇಳಿದಳು.

ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ನಾನು ಓದಿದ್ದರಲ್ಲಿ ಎಷ್ಟು ಮೈಲಿ, ಎಷ್ಟು ಜನ, ಯಾವ ರೋಗ ಎಲ್ಲ ಇತ್ತು. ಈ ಪ್ರಶ್ನೆಯನ್ನು ನಾನು ಕೇಳಿಕೊಂಡೇ ಇರಲಿಲ್ಲ. ದಾರಿಯಲ್ಲೇ ಹೆದರಿ ಹಿಂದಿರುಗಿದವರು ಇದ್ದರು. ಕ್ಯಾಲಿಫೋರ್ನಿಯಾದ ಚಿನ್ನಕ್ಕೆ ಹೋದ ಗಂಡಸರು ಅನೇಕರು ಮರಳಿದರು. ಸಂಸಾರ ಕಟ್ಟಿಕೊಂಡು ಹೋದ ಹೆಂಗಸರಲ್ಲಿ ಹೆಚ್ಚಿನವರಿಗೆ ಅಮ್ಮನ ಮುಖ ಮತ್ತೆ ಕಾಣಲಿಲ್ಲ. ಒಂದು ಕಾಗದ ತಲುಪಲು ತಿಂಗಳುಗಟ್ಟಲೆ. ಖಂಡದುದ್ದಕ್ಕೂ ರೈಲು ಕೂಡಿದ್ದು ೧೮೬೯ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಬಹುಪಾಲು ತಾಯಂದಿರು ಹೋಗಿಬಿಟ್ಟಿದ್ದರು. ನಾರ್ಸಿಸ್ಸಾ ತವರಿಗೆ ಹೋಗಲೇ ಇಲ್ಲ. ದಡಾರ ಬಂದು ಅಲ್ಲಿನ ಕಯೂಸ್ ಜನ ಗುಂಪುಗುಂಪಾಗಿ ಸತ್ತರು. ಆ ಸಿಟ್ಟಿನಲ್ಲಿ, ೧೮೪೭ರಲ್ಲಿ, ಗಂಡನ ಜೊತೆ ಅವಳೂ ಕೊಲೆಯಾದಳು.

ಒಂದು ಮಾತನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. ೧೮೫೦ರ ಕಾನೂನೊಂದು ಆರಿಗನ್ನಿನಲ್ಲಿ ನೆಲೆಸಿದ ದಂಪತಿಗೆ ಆರುನೂರ ನಲವತ್ತು ಎಕರೆ ಕೊಟ್ಟಿತು, ಅದರಲ್ಲಿ ಅರ್ಧ ಹೆಂಡತಿಯ ಹೆಸರಿಗೇ. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಆದರೆ ಆ ನೆಲ ಮೊದಲೇ ಬೇರೆಯವರ ತವರಾಗಿತ್ತು.

ನಾನು ಹೇಳಿದ್ದನ್ನೆಲ್ಲ ಅಮ್ಮ ಸುಮ್ಮನೆ ಕೇಳಿಸಿಕೊಂಡಳು. ಆಗ ಗಾಡಿ ಓಡಿಸುತ್ತಿದ್ದವಳು ಮಗಳು. ಕನ್ನಡಿಯಲ್ಲಿ ಹಿಂದೆ ನೋಡಿ, "ನಾನು ಬರ್ತಾ ಇರ್ತೀನಲ್ಲ ಅಜ್ಜಿ" ಎಂದಳು. ಕೊರೊನಾ, ಅದಾದ ಮೇಲೆ ವೀಸಾದ ಕಾಗದ, ಅಂತ ಅವಳು ಅರಸೀಕೆರೆಗೆ ಬಂದು ನಾಲ್ಕು ವರ್ಷವಾಗಿತ್ತು. ಯಾರೂ ಅದನ್ನು ಎತ್ತಲಿಲ್ಲ.

ಇಂಡಿಪೆಂಡೆನ್ಸ್ ರಾಕ್ ಎಂಬ ದೊಡ್ಡ ಬಂಡೆಯ ಮೇಲೆ ಆ ಪ್ರಯಾಣಿಕರು ಕೆತ್ತಿದ ಹೆಸರುಗಳನ್ನು ನೋಡಿದೆವು. ನಮ್ಮ ಮಕ್ಕಳು ದೇವಸ್ಥಾನದ ಗೋಡೆಯ ಮೇಲೆ ಗೀಚಿದರೆ ಬೈಯುತ್ತೇನೆ. ಇಲ್ಲಿ ಅದೇ ಗೀಚು ಚರಿತ್ರೆ. ಗರ್ನ್ಸೀ ಎಂಬಲ್ಲಿ ಗಾಡಿಗಳ ಚಕ್ರ ಮರಳುಗಲ್ಲನ್ನು ಐದಡಿಯವರೆಗೆ ಸವೆಸಿದೆ. ಮೊಮ್ಮಗಳು ಆ ಓಣಿಯೊಳಗೆ ಇಳಿದರೆ ತಲೆಯೇ ಕಾಣಲಿಲ್ಲ. ಲಾರಮೀ ಕೋಟೆಯನ್ನು ಗಾಡಿಯಿಂದಿಳಿಯದೆ ದಾಟಿದೆವು, ಅಮ್ಮನಿಗೆ ಮಂಡಿ ನೋವು.

ಸ್ಕಾಟ್ಸ್‌ಬ್ಲಫ್ ಊರಿನ ಹತ್ತಿರ, ರೈಲು ಹಳಿಯ ಪಕ್ಕದಲ್ಲಿ, ರೆಬೆಕಾ ವಿಂಟರ್ಸ್ ಎಂಬವಳ ಸಮಾಧಿಯಿದೆ. ಸಂಸಾರದ ಜೊತೆ ಯೂಟಾಕ್ಕೆ ಹೊರಟವಳು ೧೮೫೨ರ ಆಗಸ್ಟ್ ೧೫ರಂದು ಕಾಲರಾದಿಂದ ಸತ್ತಳು. ಆ ದಾರಿಯಲ್ಲಿ ಸತ್ತ ಸಾವಿರಾರು ಜನರಿಗೆ ಗುರುತೇ ಇಲ್ಲ. ಇವಳಿಗೆ ಮಾತ್ರ ಬಂಧುವಿನಂಥ ಗೆಳೆಯನೊಬ್ಬ ಗಾಡಿ ಚಕ್ರದ ಕಬ್ಬಿಣದ ಪಟ್ಟಿಯನ್ನು ಕಮಾನಿನಂತೆ ನೆಟ್ಟು, ಅದರ ಮೇಲೆ ಹೆಸರು, ವಯಸ್ಸು ಕೊರೆದ. ಆಮೇಲೆ ರೈಲು ಮಾರ್ಗ ಹಾಕಿದವರು ಸಮಾಧಿಗೆ ತಾಗದ ಹಾಗೆ ಹಳಿಯನ್ನು ಪಕ್ಕಕ್ಕೆ ಸರಿಸಿದರು. ೧೯೯೫ರಲ್ಲಿ ಸಮಾಧಿಯನ್ನು ಹಳಿಯಿಂದ ಇನ್ನಷ್ಟು ದೂರಕ್ಕೆ ಸಾಗಿಸಿದರು. ಕಬ್ಬಿಣದ ಮೇಲೆ ಐವತ್ತು ವರ್ಷ ಎಂದಿದೆ. ನನಗಿಂತ ಚಿಕ್ಕವಳು.

ಅಮ್ಮ ಕೋಲೂರಿಕೊಂಡು ಇಳಿದು ಬಂದಳು. ಪಟ್ಟಿಯನ್ನು ಮುಟ್ಟಿ ನೋಡಿದಳು. "ಇದು ನಮ್ಮ ಗಾಡೀದೇ ಥರ ಇದೆ" ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಇವಳ ತವರಿಗೆ ಯಾರು ಹೇಳಿಕಳಿಸಿದ್ರೋ" ಎಂದಳು. ಮಗಳು ಅಷ್ಟು ದೂರ ಹೋಗಿ ಗೂಡ್ಸ್ ಗಾಡಿ ಬರುವುದನ್ನು ಮಗುವಿಗೆ ತೋರಿಸುತ್ತಿದ್ದಳು.

ಮಾರನೆಯ ದಿನ ಕತ್ತಲಾಗುವಾಗ ಒಮಾಹಾ ಮುಟ್ಟಿದೆವು. "ಮನೆ ಬಂತು, ಮನೆ ಬಂತು" ಎಂದು ಮೊಮ್ಮಗಳು ಎಲ್ಲರಿಗಿಂತ ಮೊದಲು ಇಳಿದು ಓಡಿದಳು. ಅಳಿಯ ಹಾಸಿಗೆ ಇಳಿಸುತ್ತಿದ್ದರು, ಮಗಳು ಕುಕ್ಕರು, ಡಬ್ಬಿ ಹೊತ್ತು ನಿಂತಿದ್ದಳು. ಅಮ್ಮ ಸೀಟು ಬಿಟ್ಟು ಏಳಲಿಲ್ಲ.

"ನಮ್ಮ ವಿಮಾನ ಯಾವತ್ತು?" ಎಂದು ಕೇಳಿದಳು.

"ಶುಕ್ರವಾರ" ಎಂದೆ.

ಮಗಳು ಕುಕ್ಕರನ್ನು ಮೆಟ್ಟಿಲ ಮೇಲಿಟ್ಟು ಬಂದು ಅಜ್ಜಿಯ ಪಕ್ಕದಲ್ಲಿ ಕೂತಳು. ಬಹಳ ಹೊತ್ತು ಇಬ್ಬರೂ ಇಳಿಯಲಿಲ್ಲ.