ಅಗ್ನಿಯು ಹಾಸಿದ ನೆಲ

ಅಗ್ನಿಪರ್ವತವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಎತ್ತರವಾದ ಶಿಖರ, ಅದರ ತುದಿಯಲ್ಲೊಂದು ಬಾಯಿ, ಬಾಯಿಯಿಂದೇಳುವ ಹೊಗೆ. ಅಂಡಮಾನಿನ ಬ್ಯಾರನ್ ದ್ವೀಪವು ಅಂತಹುದು. ಅದು 1787 ರಲ್ಲಿ ಬೆಂಕಿಯುಗುಳಿದುದು ಬರಹದಲ್ಲಿ ಉಳಿದಿದೆ. ಶತಮಾನಕ್ಕೂ ಮೀರಿ ಮಲಗಿದ್ದು 1991 ರಲ್ಲಿ ಪುನಃ ಎಚ್ಚೆತ್ತಿತು. ಆದರೆ ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ಪ್ರಯಾಣಿಕನಿಗೆ ಅಂತಹ ಶಿಖರವೊಂದೂ ಗೋಚರಿಸದು. ಕರಿಯ ಎರೆಭೂಮಿ, ನೆತ್ತಿ ಚಪ್ಪಟೆಯಾದ ದಿಬ್ಬಗಳು, ಇಷ್ಟೆ. ಆದರೂ ಆತನು ತುಳಿಯುತ್ತಿರುವುದು ಅಗ್ನಿಯು ಹಾಸಿದ ನೆಲವನ್ನೇ.

ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಮಿಯು ಉದ್ದುದ್ದವಾಗಿ ಬಿರಿದು, ಆ ಬಿರುಕುಗಳಿಂದ ಶಿಲಾರಸವು ಹೊರಟು, ನೆರೆಯಂತೆ ಹರಡಿತು. ಒಂದು ಪದರ ಆರಿದ ಮೇಲೆ ಮತ್ತೊಂದು. ಹೀಗೆ ಹಾಸಿದ ಕರಿಕಲ್ಲು ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರು ಉಳಿದಿದೆ. ಪದರಗಳು ಸವೆದು ಮೆಟ್ಟಿಲಿನಂತೆ ಕಾಣುವುದರಿಂದ, ಮೆಟ್ಟಿಲೆಂಬರ್ಥದ ಸ್ವೀಡಿಷ್ ಮಾತಿನಿಂದ ಇದಕ್ಕೆ ‘ದಖನ್ ಟ್ರ್ಯಾಪ್’ ಎಂಬ ಹೆಸರು ಬಂದಿತು. ಸಹ್ಯಾದ್ರಿಯ ಮಹಾಬಲೇಶ್ವರದ ಕಡೆ ಎರಡು ಕಿಲೋಮೀಟರಿನಷ್ಟು ದಪ್ಪವಿರುವ ಈ ಹಾಸು ನಮ್ಮ ಕಡೆಗೆ ಬರಬರುತ್ತ ತೆಳುವಾಗುವುದು. ಕಲಬುರಗಿಯಿಂದ ದಕ್ಷಿಣಕ್ಕೆ ಶಹಾಬಾದಿಗೆ ಹೋದರೆ, ಅಗ್ನಿಗಿಂತ ಎಷ್ಟೋ ಹಳೆಯದಾದ ಸುಣ್ಣಕಲ್ಲು ತಲೆಯೆತ್ತುವುದು. ನಾವು ಮನೆಗೆ ಹಾಸುವ ಶಹಾಬಾದು ಕಲ್ಲು ಅದೇ.

ಇದು ಬರಿಯ ಪಂಡಿತರ ವಿಷಯವೆಂದು ಭಾವಿಸಬಾರದು. ಪ್ರತಿ ಪದರದ ನಡುಭಾಗವು ಗಟ್ಟಿ. ಮೇಲ್ಭಾಗವು, ವಾಯುವಿನ ಗುಳ್ಳೆಗಳಿದ್ದುದರಿಂದ, ತೂತುತೂತು. ನೀರು ನಿಲ್ಲುವುದು ಈ ತೂತುಗಳು ಒಂದಕ್ಕೊಂದು ಕೂಡಿದೆಡೆಯಲ್ಲಿ, ಕಲ್ಲಿನ ಬಿರುಕುಗಳಲ್ಲಿ, ಶಿಥಿಲವಾದ ಪದರಗಳಲ್ಲಿ ಮಾತ್ರ. ಒಬ್ಬನ ಬಾವಿ ತುಂಬಿರಲು ನೆರೆಯವನದು ಬತ್ತುವುದೇಕೆಂಬುದಕ್ಕೆ ದೈವವನ್ನು ದೂರಬೇಕಾಗಿಲ್ಲ. ಕಲ್ಲನ್ನು ಕೇಳಿದರೆ ಸಾಕು.

ಅದೇ ಕಲ್ಲು ಕೊಳೆತು ಎರೆಮಣ್ಣಾಯಿತು. ಅದು ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವುದು. ತೇವವನ್ನು ಹಿಡಿದಿಟ್ಟು ತೊಗರಿಯನ್ನೂ ಹಿಂಗಾರಿನ ಜೋಳವನ್ನೂ ಬೆಳೆಸುವುದು. 1347 ರಲ್ಲಿ ಬಹಮನಿ ಅರಸರು ರಾಜ್ಯ ಕಟ್ಟಿ ಕಲಬುರಗಿಯನ್ನು ರಾಜಧಾನಿಯಾಗಿ ಮಾಡಿಕೊಂಡರು. ಅವರ ದಂಡಿಗೂ ದರಬಾರಿಗೂ ಅನ್ನವಿತ್ತುದು ಇಂತಹ ನೆಲವೇ ಅಲ್ಲವೆ? ರಾಜಧಾನಿಯು ಮುಂದೆ ಬೀದರಿಗೆ ಹೋಯಿತು. ಮಣ್ಣು ಇಲ್ಲಿಯೇ ಉಳಿಯಿತು.

ಆದರೆ ಅದು ಉಳಿದೇ ಇರುವುದೆಂಬ ಭರವಸೆಯಿಲ್ಲ. ಕಲ್ಲು ಮಣ್ಣಾಗಲು ಯುಗಗಳು ಬೇಕು. ಬದುವಿಲ್ಲದ ಹೊಲದಿಂದ ಅದು ಹಳ್ಳಕ್ಕಿಳಿಯಲು ಒಂದು ಜಡಿಮಳೆ ಸಾಕು. ಆರಿಹೋದ ಅಗ್ನಿಯು ಇನ್ನೊಮ್ಮೆ ನಮಗಾಗಿ ನೆಲ ಹಾಸುವುದಿಲ್ಲ. ಆದುದರಿಂದ ಬದು ಕಟ್ಟುವ ರೈತನನ್ನು, ಕೆರೆಯ ಹೂಳೆತ್ತುವ ಊರನ್ನು ನಾವು ಈ ದೀರ್ಘ ಇತಿಹಾಸದ ಕಾವಲುಗಾರರೆಂದೇ ಗೌರವಿಸಬೇಕು.